ಒಂದೇ ಮೊಳೆ ಕೊಡುವ ಅಂಗಡಿ

"ಥೂ! ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಕಣೋ! ಸತ್ತೋನ ಪೆಟ್ಟಿಗೆಗೂ ಆ ದೊಡ್ಡಂಗಡಿ ಹಿಡಿಕೆ ತಂದು ಹೊಡೆದಿದೀಯಲ್ಲ, ನಿಂಗೆ ಮಾನ ಮರ್ಯಾದೆ ಅನ್ನೋದು ಏನಾದ್ರೂ ಇದೆಯೇನೋ?"

ದರ್ಜಿ ಕೂಗಿದ ರಭಸಕ್ಕೆ ಅವನು ತುಟಿಯಲ್ಲಿ ಕಚ್ಚಿಕೊಂಡಿದ್ದ ಸಣ್ಣ ಮೊಳೆಗಳು ರಸ್ತೆಯ ಮೇಲೆ ಚೆಲ್ಲಾಡಿದವು. ಬೇಕರಿಯ ಮುಂದೆ ಕುರ್ಚಿ ಜೋಡಿಸುತ್ತಿದ್ದವರು ಕುರ್ಚಿ ಹಿಡಿದುಕೊಂಡೇ ನಿಂತರು. ಮಹಡಿಯ ಕಿಟಕಿಗಳಲ್ಲಿ ಒಂದೊಂದಾಗಿ ತಲೆಗಳು ಮೂಡಿದವು.

ಶವದ ಪೆಟ್ಟಿಗೆ ಬೀದಿಯ ನಡುವೆ ಎರಡು ಸ್ಟೂಲುಗಳ ಮೇಲಿತ್ತು. ಅದರ ಒಂದು ತುದಿಯಲ್ಲಿ ದರ್ಜಿ, ಇನ್ನೊಂದು ತುದಿಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಬಡಗಿ. ಪೆಟ್ಟಿಗೆಯೊಳಗಿನ ಹಾಸುಬಟ್ಟೆಯನ್ನು ಎಳೆದು ಅಂಚಿಗೆ ಮೊಳೆ ಹೊಡೆಯಲೆಂದು ಬಗ್ಗಿದ ದರ್ಜಿಯ ಕಣ್ಣಿಗೆ, ಹಿಡಿಕೆಯ ಕೆಳಮೈಯಲ್ಲಿ ಅಂಟಿದ್ದ ಹಳದಿ ಚೀಟಿ ಬಿದ್ದಿತ್ತು. ಉಗುರಗಲದ ಚೀಟಿ. ಅದರ ಮೇಲೆ ಬೀದಿ ಮುಗಿಯುವಲ್ಲಿ ಎದ್ದು ನಿಂತಿರುವ ದೊಡ್ಡಂಗಡಿಯ ಗುರುತು.

ಆ ಬೀದಿಯಲ್ಲಿ ಯಾರು ಸತ್ತರೂ ಪೆಟ್ಟಿಗೆ ಹೊರಗಿನಿಂದ ಬರುವಂತಿರಲಿಲ್ಲ. ಹಲಗೆ ಬಡಗಿಯದು, ಹಾಸುಬಟ್ಟೆ ದರ್ಜಿಯದು, ಮೊಳೆ ಮತ್ತು ಆರು ಹಿಡಿಕೆ ಮೊಳೆಮಾಮನ ಅಂಗಡಿಯದು. ಎಲ್ಲೂ ಬರೆದಿಟ್ಟದ್ದಲ್ಲ. ಬರೆದಿಟ್ಟ ನಿಯಮಗಳನ್ನೆಲ್ಲ ಆ ಬೀದಿಯವರು ಒಂದಲ್ಲ ಒಂದು ಸಲ ಮುರಿದಿದ್ದರು; ಇದನ್ನು ಮುರಿದಿರಲಿಲ್ಲ. ಇವತ್ತು ಸತ್ತು ಅಂಗಡಿಯೊಳಗೆ ಮಲಗಿದ್ದವನು ಮೊಳೆಮಾಮನೇ.

"ಎಲ್ಲಿ, ಮಾತಾಡು ಈಗ," ಎಂದ ದರ್ಜಿ. "ಬೇರೆ ಹೊತ್ತು ಒಂದಕ್ಕೆ ಹತ್ತು ಉತ್ತರ ಕೊಡ್ತೀಯಲ್ಲ!"

ಮಾತಿಗೆ ಮಾತು ಕೆತ್ತಿ ಕೊಡುವವನು ಎಂದೇ ಬೀದಿಯವರು ಬಡಗಿಗೆ 'ಉಳಿ' ಎಂದು ಹೆಸರಿಟ್ಟಿದ್ದರು. ಎಂಟನೇ ತರಗತಿಯಲ್ಲಿ ಮೇಷ್ಟರು "ನೀನೊಂದು ಕೊರಡು" ಎಂದು ಬೆತ್ತ ಎತ್ತಿದಾಗ, "ಕೊರಡಾದ್ರೆ ಕೆತ್ತಿ ಸಾರ್, ಹೊಡೀಬೇಡಿ" ಎಂದು ಹೇಳಿ ಚೀಲ ಎತ್ತಿಕೊಂಡು ಹೊರಬಿದ್ದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಈಗ ಅವನಿಗೆ ಇಪ್ಪತ್ತಾರು. ಇಪ್ಪತ್ತಾರು ವರ್ಷದಲ್ಲಿ ಅವನು ಸುಮ್ಮನೆ ಕೇಳಿಸಿಕೊಂಡ ಬೈಗುಳ ಒಂದೂ ಇರಲಿಲ್ಲ.

ಈಗ ಸ್ಕ್ರೂಡ್ರೈವರ್ ಹಿಡಿದ ಬೆರಳುಗಳು ಬೆಳ್ಳಗಾದವು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: ಈ ಹಿಡಿಕೆ ನಾನು ತಗೊಂಡಿದ್ದು ಮಾಮನ ಅಂಗಡಿಯ ಮೂರನೇ ಅಟ್ಟಣಿಗೆಯಿಂದ. ಅಷ್ಟೇ. ಆದರೆ ಆ ಒಂದು ಮಾತಿನ ಹಿಂದೆಯೇ ಎರಡನೆಯ ಪ್ರಶ್ನೆ ಬರುತ್ತಿತ್ತು: ಹಾಗಾದರೆ ಮಾಮನ ಅಂಗಡಿಗೆ ಅದು ಬಂದದ್ದು ಎಲ್ಲಿಂದ?

"ಬಿಡಣ್ಣ, ಹೆಣ ಮನೆಯಲ್ಲಿದೆ," ಎಂದು ಬೇಕರಿ ಅಕ್ಕ ನಡುವೆ ಬಂದಳು. "ಏನೋ ಅವಸರದಲ್ಲಿ..."

"ಅವಸರ ಅಲ್ಲಮ್ಮ. ಇವನು ಆ ಅಂಗಡಿಯಿಂದ ಚೀಲ ತುಂಬ್ಕೊಂಡು ಬರೋದನ್ನ ನಾನೇ ಎರಡು ಸಲ ಕಣ್ಣಾರೆ ನೋಡಿದೀನಿ. ಕೇಳಿದ್ರೆ 'ಸುಮ್ನೆ ನೋಡಕ್ಕೆ ಹೋಗಿದ್ದೆ' ಅಂದ. ನೋಡಕ್ಕೆ ಹೋದೋನ ಚೀಲ ಭಾರ ಯಾಕಾಗುತ್ತೆ?" ದರ್ಜಿ ಸುತ್ತ ನಿಂತವರ ಕಡೆ ತಿರುಗಿದ. "ತಲೆಯ ಕಡೆಯ ಹಿಡಿಕೆ ಹಿಡಿಯೋನು ಇವನಂತೆ! ಯಾರು ಬೇಕಾದ್ರೂ ಹಿಡೀಲಿ, ಇವನು ಮುಟ್ಟೋದು ಬೇಡ. ಮುಟ್ಟಿದ್ರೆ ನಾನು ಬರಲ್ಲ."

ಯಾರೂ ಎದುರಾಡಲಿಲ್ಲ. ಉಳಿ ಕೊನೆಯ ಸ್ಕ್ರೂವನ್ನು ಮೂರು ಸುತ್ತು ತಿರುಗಿಸಿ ಬಿಗಿ ಮಾಡಿದ. ಬೈದವನು ಹಿಡಿಯುವ ಹಿಡಿಕೆಯೂ ಸಡಿಲವಿರಬಾರದಲ್ಲ.

*

ಒಂದೂವರೆ ವರ್ಷದ ಹಿಂದೆ, ದೊಡ್ಡಂಗಡಿ ಬಾಗಿಲು ತೆರೆದ ಎರಡನೇ ತಿಂಗಳಲ್ಲಿ, ಉಳಿ ಮೊದಲ ಸಲ ಅದರೊಳಗೆ ಕಾಲಿಟ್ಟಿದ್ದ. ಕೊಳ್ಳುವುದಕ್ಕಲ್ಲ, ಜಗಳಕ್ಕೆ. ಅಲ್ಲಿ ಮಾರುವ ಮೇಜನ್ನು ಒಂದು ಸಲ ನೋಡಿಯೇ ಬಿಡಬೇಕೆಂದು. ಅವನ ಮೂರು ಗಿರಾಕಿಗಳು ಅದೇ ಮೇಜು ಕೊಂಡಿದ್ದರು. ಅವನು ಮೇಜನ್ನು ತಟ್ಟಿದ, ಮೂಸಿದ, ಕೊನೆಗೆ ಅಂಗಾತ ಮಲಗಿ ಅದರ ಅಡಿಗೆ ತೂರಿದ. ಮರಕ್ಕೆ ಮರ ಬೆಸೆದ ಒಂದೇ ಒಂದು ಕೂಡು ಇರಲಿಲ್ಲ. ಮರದ ಪುಡಿಯನ್ನು ಗೋಂದಿನಲ್ಲಿ ಕಲಸಿ ಒತ್ತಿದ ಹಲಗೆ. ಬಡಗಿಯ ಕಣ್ಣಿಗೆ ಅದು ಮೇಜಲ್ಲ, ಒಣಗಿದ ಗಂಜಿ.

ಆಗ ಮೇಜಿನ ಕಾಲುಗಳ ನಡುವೆ ಮನುಷ್ಯನ ಎರಡು ಕಾಲು ಕಂಡವು. ಎಡ ಚಪ್ಪಲಿಯ ಪಟ್ಟಿಗೆ ತಾಮ್ರದ ತಂತಿಯ ಹೊಲಿಗೆ. ಊರಲ್ಲಿ ಚಪ್ಪಲಿಯನ್ನು ತಂತಿಯಲ್ಲಿ ಹೊಲಿಯುವವನು ಒಬ್ಬನೇ ಇದ್ದ.

ಉಳಿ ತೆವಳಿಕೊಂಡು ಹೊರಬಂದ. ಸುಡುಬೇಸಗೆಯಲ್ಲಿ ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡು ಮೊಳೆಮಾಮ ನಿಂತಿದ್ದ. ಕೈಯಲ್ಲಿದ್ದ ಬುಟ್ಟಿಯನ್ನು ಬೆನ್ನ ಹಿಂದೆ ಮಾಡಿದ.

"ಮೇಜಿನಡಿ ಏನೋ ಹುಡುಕ್ತಿದೀಯ?"

"ಕಳ್ಳರನ್ನ ಹುಡುಕ್ತಿದೀನಿ ಮಾಮ. ನೀವು?"

ಮಾಮ ಬುಟ್ಟಿಯನ್ನು ಮತ್ತೆ ಮುಂದಕ್ಕೆ ತಂದ. "ಹಾಗಾದ್ರೆ ಒಬ್ಬ ಸಿಕ್ಕಿದ ಅಂದ್ಕೋ," ಎಂದ.

ಬುಟ್ಟಿಯಲ್ಲಿ ನಲ್ಲಿಯ ವಾಷರಿನ ಪೊಟ್ಟಣಗಳು, ಎರಡು ಚಿಲಕ, ಒಂದು ಡಬ್ಬ ಮೊಳೆ ಇದ್ದವು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಮಾಮ ಟೋಪಿ ತೆಗೆದ. ತಲೆಯೆಲ್ಲ ಬೆವರು. ಸಗಟು ವ್ಯಾಪಾರಿಯ ಗಾಡಿ ಬರುವುದು ನಿಂತು ಆರು ವಾರವಾಗಿತ್ತು. 'ನಿಮ್ಮೊಬ್ಬರಿಗೋಸ್ಕರ ಆ ಬೀದಿಗೆ ಗಾಡಿ ತಿರುಗಿಸೋಕಾಗಲ್ಲ ಯಜಮಾನ್ರೇ, ಪೆಟ್ಟಿಗೆಗಟ್ಟಲೆ ತಗೊಂಡ್ರೆ ನೋಡೋಣ' ಎಂದಿದ್ದನಂತೆ. ಪೆಟ್ಟಿಗೆಗಟ್ಟಲೆ ತಗೊಂಡು ಮಾಮ ಯಾರಿಗೆ ಮಾರಬೇಕು? ಅವನ ಅಂಗಡಿ ಒಂದೇ ಮೊಳೆ ಮಾರುವ ಅಂಗಡಿ. ದೊಡ್ಡಂಗಡಿಯಲ್ಲಿ ಒಂದು ಸ್ಕ್ರೂ ಬೇಕಾದವನು ಹನ್ನೆರಡರ ಪೊಟ್ಟಣ ಕೊಳ್ಳಬೇಕು. ಮಾಮನಲ್ಲಿ ಒಂದು ಬೇಕಾದವನಿಗೆ ಒಂದೇ. ಅದನ್ನೂ ಸುಮ್ಮನೆ ಕೊಡುತ್ತಿರಲಿಲ್ಲ. ಯಾವ ಬಾಗಿಲಿಗೆ, ಯಾವ ಮೂಲೆಗೆ, ಗೋಡೆ ಒದ್ದೆಯಿದೆಯಾ ಎಂದು ನೂರು ಪ್ರಶ್ನೆ ಕೇಳಿ, ಕೊನೆಗೆ "ನಿನ್ನ ಕೈಲಾಗಲ್ಲ ಬಿಡು, ಮಧ್ಯಾಹ್ನ ನಾನೇ ಬರ್ತೀನಿ" ಎನ್ನುತ್ತಿದ್ದ. ಬೀದಿಯ ನಲವತ್ತು ಮನೆಗಳಲ್ಲಿ ಯಾವ ನಲ್ಲಿಗೆ ಯಾವ ಅಳತೆಯ ವಾಷರ್ ಎಂಬುದು ಅವನ ತಲೆಯಲ್ಲಿತ್ತು.

"ಇಲ್ಲ ಅಂದುಬಿಡಿ ಮಾಮ. ಸ್ಟಾಕ್ ಇಲ್ಲ ಅಂದ್ರೆ ಯಾರು ನೇಣಿಗೆ ಹಾಕ್ತಾರೆ?"

"ಇಲ್ಲ ಅಂದ್ರೆ ಏನಾಗುತ್ತೆ ಗೊತ್ತೇನೋ? ಕೇಳಿದೋನು ಸೀದಾ ಇಲ್ಲಿಗೆ ಬರ್ತಾನೆ. ಬಂದೋನು ಬರಿ ವಾಷರ್ ತಗೊಂಡು ಹೋಗ್ತಾನಾ? ಅಲ್ಲೇ ಅಂಗಿ ನೇತುಹಾಕಿದಾರೆ, ಒಂದು ಅಂಗಿ. ಅಲ್ಲೇ ಬ್ರೆಡ್ಡಿದೆ, ಒಂದು ಬ್ರೆಡ್ಡು. ನಾನು ಒಂದು ಸಲ ಇಲ್ಲ ಅಂದ್ರೆ ದರ್ಜಿ ಹೊಟ್ಟೆ ಮೇಲೂ ಬೇಕರಿಯವಳ ಹೊಟ್ಟೆ ಮೇಲೂ ನಾನೇ ಹೊಡೆದ ಹಾಗೆ. ನಮ್ಮ ಬೀದಿಗೆ ಜನ ಬರೋದೇ ಸಣ್ಣಪುಟ್ಟ ಸಾಮಾನಿಗೆ ಕಣೋ. ಮೊಳೆ ಕಿತ್ರೆ ಹಲಗೆ ನಿಲ್ಲುತ್ತಾ?"

"ಅದಕ್ಕೆ ಇಲ್ಲಿ ಕೊಂಡು ಅಲ್ಲಿ ಮಾರೋದಾ? ನಷ್ಟ ಅಲ್ವಾ?"

"ಬಾಗಿಲು ತೆಗೆದಿರೋದೇ ಲಾಭ," ಎಂದ ಮಾಮ. ಆಮೇಲೆ ದನಿ ತಗ್ಗಿಸಿ, "ಯಾರಿಗೂ ಹೇಳಬೇಡ. ನಿಮ್ಮ ಅತ್ತೆಗಂತೂ ಬೇಡವೇ ಬೇಡ. ಹಳೇ ಕಡೆಯಿಂದಲೇ ಸಾಮಾನು ಬರ್ತಿದೆ ಅಂದ್ಕೊಂಡಿದಾಳೆ. ಅವಳಿಗೆ ಗೊತ್ತಾದ್ರೆ ನಾಳೆನೇ ಶಟರ್ ಎಳೆಸ್ತಾಳೆ."

"ನನ್ನ ಬಾಯಿ ನಂಬ್ತೀರಾ?"

"ನಿನ್ನ ಬಾಯಿ ನಂಬಲ್ಲ. ನಿನ್ನ ಹಟ ನಂಬ್ತೀನಿ."

ಅವತ್ತಿನಿಂದ ವಾರಕ್ಕೊಮ್ಮೆ ಸಾಮಾನು ತರುವ ಕೆಲಸ ಉಳಿಯದಾಯಿತು. ಮಂಡಿನೋವಿನ ಮುದುಕನನ್ನು ಉಣ್ಣೆ ಟೋಪಿಯಲ್ಲಿ ಬೇಯಿಸಲು ಅವನಿಗೆ ಮನಸ್ಸು ಬರಲಿಲ್ಲ. ಉಜ್ಜುಗೊರಡು, ಗರಗಸದ ಕೆಳಗೆ ಪೊಟ್ಟಣಗಳನ್ನು ಹುದುಗಿಸಿ ಹಿತ್ತಿಲ ಬಾಗಿಲಿಂದ ತಂದಿಳಿಸುತ್ತಿದ್ದ. ಮಾಮ ಕತ್ತರಿಯಿಂದ ಪೊಟ್ಟಣ ಹರಿದು, ಹಳದಿ ಚೀಟಿಗಳನ್ನು ಹೆಬ್ಬೆರಳ ಉಗುರಿನಿಂದ ಎಬ್ಬಿಸಿ, ಉಳಿದ ಗೋಂದನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿ, ಒಂದೊಂದನ್ನೂ ತನ್ನ ಹಳೇ ಡಬ್ಬಗಳಿಗೆ ಹಾಕುತ್ತಿದ್ದ. ಅಲ್ಲಿಗೆ ಬಿದ್ದ ಮೇಲೆ ಅವು ಮಾಮನ ಮೊಳೆಗಳು.

*

ಮಾಮನ ಹೆಂಡತಿ, ಬೀದಿಗೆಲ್ಲ ಅತ್ತೆ, ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಾಮನ ತಲೆಯ ಬಳಿ, ಮಡಿಸುವ ಕುರ್ಚಿಯಲ್ಲಿ ಕೂತಿದ್ದಳು. ಕೂಗಾಟ ಅಲ್ಲಿಗೆ ಕೇಳಿಸದೆ ಇರುವುದಕ್ಕೆ ನಡುವೆ ಇದ್ದದ್ದು ಒಂದು ತೆಳು ಪರದೆ ಮಾತ್ರ.

ಉಳಿ ಪೆಟ್ಟಿಗೆ ಸಿದ್ಧವಾಯಿತೆಂದು ಹೇಳಲು ಒಳಗೆ ಬಂದ. ಮಾಮನ ಮುಖ ನೋಡುತ್ತ ನಿಂತ. ಮುಖ ಯಾರೋ ಕೇಳಿದ ಸಾಮಾನು ಯಾವ ಡಬ್ಬದಲ್ಲಿದೆ ಎಂದು ನೆನಪಿಸಿಕೊಳ್ಳುತ್ತಿರುವಂತಿತ್ತು.

"ಬಾ, ಕೂತ್ಕೋ," ಎಂದಳು ಅತ್ತೆ. ಕೂರಲು ಇನ್ನೊಂದು ಕುರ್ಚಿ ಇರಲಿಲ್ಲ. ಅವನು ನೆಲದ ಮೇಲೆ ಕೂತ.

"ಹೋದ ವಾರ ಒಂದು ಮಾತಂದ್ರು," ಎಂದು ಅತ್ತೆ ಯಾರಿಗೋ ಹೇಳುವಂತೆ ಶುರುಮಾಡಿದಳು. "'ನೋಡೇ, ನಾನು ನಿಂಗೆ ಬಂಗಾರ ಮಾಡಿಸಿಲ್ಲ, ಊರೂರು ತೋರಿಸಿಲ್ಲ. ಆದ್ರೆ ಈ ಬೀದಿಗೆ ಒಂದು ದಿನಾನೂ ಇಲ್ಲ ಅಂದಿಲ್ಲ. ಆ ಭೂತ ಬಂದು ಕೂತ ಮೇಲೂ ಅಂದಿಲ್ಲ' ಅಂತ. ಅಷ್ಟು ಹೇಳಿ ನಕ್ಕರು. ನಲವತ್ತೊಂದು ವರ್ಷ ಇವರ ಜೊತೆ ಈ ತುಕ್ಕಿನ ವಾಸನೇಲಿ ಬಾಳಿದೀನಿ ಕಣೋ. ಬೇಜಾರಾಗಿತ್ತು ಎಷ್ಟೋ ಸಲ. ಆದ್ರೆ ಆ ಮಾತು ಕೇಳಿ ನಂಗೆ..." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಯ್ತು ಬಿಡು, ಬಾಳಿದ್ದಕ್ಕೆ ಒಂದು ಅರ್ಥ ಸಿಕ್ತು ಅನ್ನಿಸ್ತು. ಅದೊಂದೇ ನಂಗೆ ಉಳಿದಿರೋದು."

ಉಳಿ ಇನ್ನು ನಿಜ ಹೇಳುವಂತಿರಲಿಲ್ಲ. ಒಳಗೆ ಬರುವಾಗ ಅವನು ನಿರ್ಧರಿಸಿಯೇ ಬಂದಿದ್ದ: ಹೊರಗಿನವರಿಗೆ ಬೇಡ, ಅತ್ತೆಯೊಬ್ಬಳಿಗೆ ಹೇಳಿಬಿಡುವುದು. ಅತ್ತೆ ಹೊರಗೆ ಬಂದು 'ಇವನು ಹಿಡಿಕೆ ಹಿಡೀಲಿ' ಎಂದರೆ ಸಾಕು, ಕಾರಣ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ.

"ದರ್ಜಿ ಕೂಗಾಡಿದ್ದು ಕೇಳಿಸ್ತು," ಎಂದಳು ಅತ್ತೆ. "ಸುಳ್ಳು ತಾನೇ?"

ಅವನು ತಲೆ ತಗ್ಗಿಸಿದ.

"ನಿಜಾನಾ?"

ಅವನು ನೆಲದ ಹಾಸುಗಲ್ಲಿನ ಬಿರುಕು ನೋಡುತ್ತಿದ್ದ. ಬಿರುಕಿನಲ್ಲಿ ಒಂದು ಸ್ಕ್ರೂ ಸಿಕ್ಕಿಕೊಂಡಿತ್ತು, ಎಷ್ಟು ವರ್ಷದ್ದೋ.

"ಯಾಕೋ ಹಾಗ್ಮಾಡ್ದೆ? ಆರು ಹಿಡಿಕೆ ಇವರ ಅಂಗಡೀಲಿ ಸಿಗ್ತಿರಲಿಲ್ವಾ?" ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನಿನ್ನ ಅವರು ಮಗನ ಥರ ನೋಡ್ತಿದ್ರು ಕಣೋ."

"ತಪ್ಪಾಯ್ತು ಅತ್ತೆ," ಎಂದ ಉಳಿ.

ಆ 'ತಪ್ಪಾಯ್ತು'ವನ್ನು ಅವನು ಹುಟ್ಟಿದಾಗಿನಿಂದ ಯಾರಿಗೂ ಅಂದಿರಲಿಲ್ಲ. ಮೇಷ್ಟರಿಗೆ ಅಂದಿದ್ದರೆ ಹತ್ತನೇ ತರಗತಿ ಮುಗಿಸುತ್ತಿದ್ದ. ಅಪ್ಪನಿಗೆ ಅಂದಿದ್ದರೆ ಮನೆಯಲ್ಲಿರುತ್ತಿದ್ದ.

*

ಮಾಮ ಗಟ್ಟಿಯಾಗಿದ್ದಾಗ ಪ್ರತಿ ಭಾನುವಾರದ ಸಂಜೆ ಬೀದಿಯ ಎರಡೂ ಬಾಯಿಗೆ ಬೆಂಚು ಅಡ್ಡ ಇಟ್ಟು ಗಾಡಿಗಳನ್ನು ತಡೆಯುತ್ತಿದ್ದರು. ಮನೆಮನೆಯಿಂದ ಕುರ್ಚಿಗಳು ಹೊರಬರುತ್ತಿದ್ದವು. ಕುರ್ಚಿಯ ಜೊತೆ ವಾರವಿಡೀ ಕೆಟ್ಟದ್ದೆಲ್ಲ ಬರುತ್ತಿತ್ತು: ಹಿಡಿಯಿಲ್ಲದ ಬಾಣಲೆ, ಕೈಮುರಿದ ಗೊಂಬೆ, ಮಡಚದ ಕೊಡೆ. ಮಾಮ ಮೂರು ಡಬ್ಬ ಇಟ್ಟುಕೊಂಡು ನಡುವೆ ಕೂರುತ್ತಿದ್ದ. ಉಳಿ ಮರದ್ದನ್ನು ನೋಡಬೇಕು, ದರ್ಜಿ ಬಟ್ಟೆಯದನ್ನು. ಕ್ಷೌರದಂಗಡಿಯ ಕಟಿಂಗ್ ಅಣ್ಣ ಏನೂ ರಿಪೇರಿ ಮಾಡುತ್ತಿರಲಿಲ್ಲ, ಎಲ್ಲರ ಕಾಲೆಳೆಯುತ್ತಿದ್ದ.

"ಮಾಮ, ನನ್ನ ಹೆಂಡತಿ ಬಾಯಿ ಮುಚ್ಚಕ್ಕೆ ಒಂದು ಚಿಲಕ ಸಿಗುತ್ತಾ?"

"ಸಿಗುತ್ತೆ. ಆದ್ರೆ ಒಳಗಡೆಯಿಂದ ಹಾಕೋ ಚಿಲಕ. ಅವಳೇ ಮನಸ್ಸು ಮಾಡಬೇಕು."

ದರ್ಜಿ ಬೀದಿಯ ಬಾಯಲ್ಲಿ ಬೋರ್ಡು ಹಾಕಿಸಿದ್ದೂ ಅಂಥ ಒಂದು ಭಾನುವಾರವೇ. 'ಇಲ್ಲಿ ಸಿಗುವುದನ್ನು ಇಲ್ಲೇ ಕೊಳ್ಳೋಣ.' ಅವನೇ ಕುರ್ಚಿಯ ಮೇಲೆ ನಿಂತು ಭಾಷಣ ಮಾಡಿದ. "ಮೊಳೆಮಾಮನ್ನ ನೋಡಿ ಕಲೀರಿ! ಆನೆ ಬಂದು ಎದುರಿಗೆ ಕೂತಿದೆ, ಆದ್ರೂ ಒಂದು ಸ್ಕ್ರೂ ಕಮ್ಮಿಯಾಗಿಲ್ಲ ಅಂಗಡೀಲಿ. ಛಲ ಅಂದ್ರೆ ಅದು!" ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಮ ಬಗ್ಗಿ ಯಾವುದೋ ಡಬ್ಬದಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದ. ಉಳಿ ಮುರಿದ ಸ್ಟೂಲಿನ ಕಾಲಿಗೆ ಬೇಕಾದ್ದಕ್ಕಿಂತ ಜೋರಾಗಿ ನಾಲ್ಕು ಏಟು ಹಾಕಿದ.

ಮಾಮ ಹಾಸಿಗೆ ಹಿಡಿದದ್ದು ಈ ತಿಂಗಳ ಮೊದಲಲ್ಲಿ. ಹಾಸಿಗೆಯಿಂದಲೇ ಅಂಗಡಿ ನಡೆಯುತ್ತಿತ್ತು; ಅತ್ತೆ ಕೂಗಿ ಕೇಳುವುದು, ಮಾಮ ಡಬ್ಬದ ನಂಬರು ಹೇಳುವುದು. ಹತ್ತು ದಿನದ ಹಿಂದೆ ಉಳಿಗೆ ಹೇಳಿಕಳಿಸಿದ.

"ಆರು ಹಿಡಿಕೆ ತರಬೇಕು ಕಣೋ. ಪೆಟ್ಟಿಗೆಗೆ ಹಾಕೋವು. ಕಟಿಂಗ್ ಅಣ್ಣನ ತಾಯಿ ಹೋದಾಗ ಇದ್ದ ಸೆಟ್ಟು ಖಾಲಿಯಾಯ್ತು. ಆಮೇಲೆ ತರಿಸೋಕೆ ಮರೆತೇಬಿಟ್ಟೆ. ಅಂಗಡೀಲಿ ಒಂದು ಸೆಟ್ಟು ಯಾವಾಗ್ಲೂ ಇರಬೇಕು. ಯಾರಾದ್ರೂ ಬಂದು ಕೇಳಿದ್ರೆ?"

"ಯಾರು ಕೇಳ್ತಾರೆ ಈಗ? ಎಲ್ರೂ ಗುಂಡುಕಲ್ಲಿನ ಥರ ಇದಾರೆ."

"ಇರಲಿ ತಗೊಂಬಾ."

ತಂದ. ಅವತ್ತು ಸಂಜೆ ಮಾಮ ದಿಂಬಿಗೆ ಒರಗಿ ಹಿಡಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡ. ಒಂದೊಂದೇ ಚೀಟಿ ಕಿತ್ತ. ಉಗುರು ಮೊದಲಿನಂತೆ ಆಡುತ್ತಿರಲಿಲ್ಲ. ಒಂದೊಂದಕ್ಕೂ ಬಹಳ ಹೊತ್ತಾಯಿತು. ಉಳಿ ಕೈಚಾಚಿದರೆ ಕೊಡಲಿಲ್ಲ. "ನೀನು ಗೀರು ಬೀಳಿಸ್ತೀಯ," ಎಂದ. ಐದು ಮುಗಿಯುವಷ್ಟರಲ್ಲಿ ಉಸಿರು ಸಣ್ಣಗಾಗಿತ್ತು. ಆರನೆಯದನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ ಉಳಿದವುಗಳ ಜೊತೆ ಇಟ್ಟ.

"ಇದೊಂದು ನಾಳೆ ಮಾಡ್ತೀನಿ. ಮೂರನೇ ಅಟ್ಟಣಿಗೆ ಮೇಲಿಡು."

ಉಳಿ ಇಟ್ಟ. ಆ ಆರನೆಯದಕ್ಕೆ ಮಾಮನ ಕೈ ಮತ್ತೆ ಏಳಲಿಲ್ಲ. ನಿನ್ನೆ ಸಂಜೆ ಅಲ್ಲಿಂದಲೇ ಇಳಿಸಿಕೊಂಡು, ಮಂಜಾಗಿದ್ದ ಕಣ್ಣಲ್ಲೇ ಆರನ್ನೂ ಪೆಟ್ಟಿಗೆಗೆ ಬಿಗಿದ. ತಿರುಗಿಸಿ ನೋಡಲಿಲ್ಲ.

*

ಮಧ್ಯಾಹ್ನ ಪೆಟ್ಟಿಗೆ ಎತ್ತಿದರು. ಬೀದಿಯ ಅಂಗಡಿಗಳೆಲ್ಲ ಶಟರನ್ನು ಅರ್ಧಕ್ಕೆ ಎಳೆದಿದ್ದವು. ಉಳಿಯ ಜಾಗದಲ್ಲಿ ಸೈಕಲ್ ರಿಪೇರಿಯವನು ಹಿಡಿದ. ಅವನು ಎಲ್ಲರಿಗಿಂತ ಗೇಣು ಗಿಡ್ಡ. ಪೆಟ್ಟಿಗೆ ಒಂದು ಮೂಲೆಗೆ ವಾಲಿಕೊಂಡು ಹೊರಟಿತು.

"ಮಾಮ ಬದುಕಿದ್ದಿದ್ರೆ ಮಟ್ಟಗೋಲು ತಂದು ಇಟ್ಟು ನೋಡ್ತಿದ್ದ," ಎಂದ ಕಟಿಂಗ್ ಅಣ್ಣ ಮೆಲ್ಲಗೆ. ಯಾರೋ ನಕ್ಕು, ನಕ್ಕಿದ್ದಕ್ಕೆ ಅತ್ತರು.

ಸ್ಮಶಾನಕ್ಕೆ ಹತ್ತಿರದ ದಾರಿ ದೊಡ್ಡಂಗಡಿಯ ಮುಂದೆ ಹಾಯುತ್ತಿತ್ತು. ಬೀದಿಯ ತುದಿಗೆ ಬರುತ್ತಲೇ ದರ್ಜಿ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ.

"ಆ ಕಡೆ ಬೇಡ. ಅದರ ಮುಂದೆ ಮಾಮನ್ನ ಒಯ್ಯಲ್ಲ. ಸುತ್ತಿ ಹೋಗೋಣ."

"ಮುಕ್ಕಾಲು ಮೈಲಿ ಜಾಸ್ತಿಯಾಗುತ್ತಲ್ಲಣ್ಣ," ಎಂದ ಸೈಕಲ್‌ನವನು. ಅವನ ಕೈ ಆಗಲೇ ಸೋತಿತ್ತು.

"ಆಗ್ಲಿ. ಜೀವ ಇರೋತನಕ ಆ ಮನುಷ್ಯ ಅದರ ಹೊಸ್ತಿಲು ತುಳಿದಿಲ್ಲ. ಈಗ ತುಳಿಸಬೇಕಾ?"

ಎಲ್ಲರೂ ತಲೆದೂಗಿದರು. ಮೆರವಣಿಗೆ ಎಡಕ್ಕೆ ತಿರುಗಿತು. ಉಳಿ ಎಲ್ಲರ ಹಿಂದೆ, ಹತ್ತು ಮಾರು ಬಿಟ್ಟು ನಡೆಯುತ್ತಿದ್ದ. ಅವನಿಗೆ ನಗು ಬಂತೋ ಏನೋ. ಬಾಯಿಂದ ಹೊರಟದ್ದು ಕೆಮ್ಮಿನಂತೆ ಕೇಳಿಸಿತು.

ಬೇಕರಿ ಅಕ್ಕ ಬೇಕೆಂದೇ ಹಿಂದುಳಿದು ಅವನ ಜೊತೆಯಾದಳು.

"ಏನೋ ಇದೆ," ಎಂದಳು. "ನಿಂಗೆ ಬೈದ್ರೆ ನೀನು ಸುಮ್ನಿರೋ ಗಿರಾಕಿ ಅಲ್ಲ. ನನ್ನ ಹತ್ರ ಒಂದು ಮಾತು ಹೇಳು. ನಾನಾದ್ರೂ ನಂಬ್ತೀನಿ."

"ಏನೂ ಇಲ್ಲಕ್ಕ."

"ನನ್ನ ಮೇಲೆ ಆಣೆ?"

"ನಿಮ್ಮ ಬ್ರೆಡ್ಡು ಹೇಗೆ ಹೋಗ್ತಿದೆ?" ಎಂದು ಕೇಳಿದ ಅವನು.

"ಅಯ್ಯೋ, ಈಗ ಬ್ರೆಡ್ಡಿನ ಮಾತಾ? ಹೋಗ್ತಿದೆ. ಮಾಮನ ಅಂಗಡಿಗೆ ಬಂದೋರು ಒಂದು ತಗೊಂಡು ಹೋಗ್ತಿದ್ರು. ಇನ್ನು ಹೇಗೋ."

ಮಣ್ಣು ಮಾಡುವಾಗ ಉಳಿ ಸ್ಮಶಾನದ ಕಬ್ಬಿಣದ ಗೇಟಿನ ಬಳಿಯೇ ನಿಂತಿದ್ದ. ಪೆಟ್ಟಿಗೆ ಇಳಿಸುವಾಗ ಸೈಕಲ್‌ನವನ ಕಡೆಯ ಮೂಲೆ ಗುಂಡಿಯ ಅಂಚಿಗೆ ತಗುಲಿ ಸಿಕ್ಕಿಕೊಂಡಿತು. "ಎಡಕ್ಕೆ, ಎಡಕ್ಕೆ," ಎಂದು ಐದಾರು ಜನ ಕೂಗಿದರು. ತಾನೇ ಅಳೆದು ತಾನೇ ಕೊಯ್ದ ಪೆಟ್ಟಿಗೆ. ಯಾವ ಮೂಲೆಯನ್ನು ಎಷ್ಟು ಓರೆ ಮಾಡಿದರೆ ಇಳಿಯುತ್ತದೆಂದು ಅವನ ಕೈಗೆ ಗೊತ್ತಿತ್ತು. ಕೈಗಳು ತಾವಾಗಿಯೇ ಮುಂದೆ ಬಂದು ಗೇಟಿನ ಸರಳು ಹಿಡಿದವು. ದರ್ಜಿ ಒಂದು ಸಲ ಹಿಂದಿರುಗಿ ನೋಡಿದ. ಉಳಿ ಅಲ್ಲೇ ಉಳಿದ. ಅವರು ಬಲವಂತವಾಗಿ ಒತ್ತಿ ಇಳಿಸಿದರು. ಹಲಗೆ ಎಲ್ಲೋ ಸೀಳಿದ ಸದ್ದು ಗೇಟಿನವರೆಗೆ ಬಂತು. ಉಳಿದವರಿಗೆ ಅದು ಮಣ್ಣಿನ ಸದ್ದು. ಅವನಿಗೆ ಮಾತ್ರ ಅದು ಹಲಗೆಯ ಸದ್ದು.

*

ಸಂಜೆ ಎಲ್ಲರೂ ಮತ್ತೆ ಅಂಗಡಿಯ ಮುಂದೆ ಸೇರಿದರು. ಅತ್ತೆ ಶಟರನ್ನು ಪೂರ್ತಿ ಎತ್ತಿಸಿದಳು. ದೀಪ ಹಾಕಿದಾಗ ಡಬ್ಬಗಳ ಸಾಲುಗಳು ಮೇಲಿನಿಂದ ಕೆಳಗಿನವರೆಗೆ ಹೊಳೆದವು. ಯಾವ ಡಬ್ಬವೂ ಖಾಲಿ ಇರಲಿಲ್ಲ.

ಉಳಿ ಬಂದದ್ದು ಸ್ಟೂಲು ತಗೊಂಡು ಹೋಗಲು. ಎರಡೂ ಅವನವೇ. ಒಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದಕ್ಕೆ ಬಗ್ಗಿದಾಗ ದರ್ಜಿಯ ದನಿ ಕೇಳಿಸಿತು.

"ಎಲ್ರೂ ಕೇಳಿ. ಈ ಅಂಗಡಿ ಮುಚ್ಚಲ್ಲ." ಬೆಳಗಿನ ಸಿಟ್ಟು ಅವನ ದನಿಯಲ್ಲಿ ಇರಲಿಲ್ಲ. ಅಳು ಮುಗಿದವನ ಹಗುರ ಇತ್ತು. "ದಿನಾ ಎರಡೆರಡು ಗಂಟೆ, ಒಬ್ಬೊಬ್ಬರು ಕೂರೋಣ. ನಾನು ಬೆಳಗ್ಗೆ ಮಿಷನ್ ಇಲ್ಲೇ ತಂದು ಹಾಕ್ಕೋತೀನಿ. ಕಟಿಂಗ್ ಅಣ್ಣ ಮಧ್ಯಾಹ್ನ ಹೇಗೂ ನೊಣ ಹೊಡೀತಿರ್ತಾನೆ."

"ಇಲ್ಲಿ ಹೊಡೀತೀನಿ ಬಿಡು. ನೊಣಕ್ಕೇನು, ಎಲ್ಲಾ ಅಂಗಡೀಲೂ ಒಂದೇ," ಎಂದ ಕಟಿಂಗ್ ಅಣ್ಣ.

"ನಾನು ಸಂಜೆ," ಎಂದಳು ಬೇಕರಿ ಅಕ್ಕ.

ಒಬ್ಬೊಬ್ಬರೇ ಹೊತ್ತು ಹಂಚಿಕೊಂಡರು. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಬೆಳಗ್ಗಿಂದ ಮೊದಲ ಸಲ ಅವಳ ಮುಖದಲ್ಲಿ ರಕ್ತ ಆಡಿತು.

"ಅದೆಲ್ಲ ಸರಿ," ಎಂದ ಸೈಕಲ್‌ನವನು. "ಇರೋದು ಖಾಲಿಯಾದ್ರೆ ಮತ್ತೆ ತುಂಬೋದು ಎಲ್ಲಿಂದ? ಮಾಮ ಯಾರ ಹತ್ರ ತರಿಸ್ತಿದ್ದ?"

ಎಲ್ಲರೂ ಅತ್ತೆಯ ಕಡೆ ನೋಡಿದರು.

"ಹಳೇ ಕಡೆಯಿಂದ ಅಂತಿದ್ರು," ಎಂದಳು ಅತ್ತೆ. "ಯಾರು ಏನು ನಂಗೆ ಗೊತ್ತಿಲ್ಲಪ್ಪ. ಹೆಸರು ಹೇಳ್ತಿರಲಿಲ್ಲ." ಅವಳ ಕಣ್ಣು ಜನರನ್ನು ದಾಟಿ ಸ್ಟೂಲುಗಳ ಹತ್ತಿರ ಬಂದು ನಿಂತಿತು. "ಇವನಿಗೆ ಗೊತ್ತಿರುತ್ತೆ."

ಬೀದಿ ಪೂರ್ತಿ ತಿರುಗಿತು.

ದರ್ಜಿ ಜನರನ್ನು ಸರಿಸಿಕೊಂಡು ಬಂದು ಉಳಿಯ ಎದುರು ನಿಂತ. ಅವನು ತೊಟ್ಟಿದ್ದು ತಾನೇ ಹೊಲಿದ ಅಂಗಿ. ತೋಳಿನಲ್ಲಿ ಸ್ಮಶಾನದ ಮಣ್ಣು.

"ನೋಡೋ," ಎಂದ. "ಬೆಳಗ್ಗೆ ನಾನು ಬಾಯಿಗೆ ಬಂದಿದ್ದೆಲ್ಲ ಅಂದೆ. ನೀನು ಮಾಡಿದ್ದೂ ಸಣ್ಣ ತಪ್ಪಲ್ಲ. ಹೋಗ್ಲಿ. ಮಾಮನ ಹಿಂದೆ ಬಾಲದ ಹಾಗೆ ಸುತ್ತಿದೋನು ನೀನೊಬ್ಬನೇ. ಆ ಸಾಮಾನು ಕೊಡ್ತಿದ್ದ ಪುಣ್ಯಾತ್ಮ ಯಾರು, ಎಲ್ಲಿದಾನೆ, ಅದೊಂದು ಹೇಳಿಬಿಡು. ನಾಳೆನೇ ಹೋಗಿ ಕಾಲು ಹಿಡೀತೀನಿ. ಬೆಳಗಿನ ಮಾತು ನಾನು ಮರೀತೀನಿ, ಈ ಬೀದಿ ಮರೆಯುತ್ತೆ. ಎಲ್ರ ಮುಂದೆ ಅಂದೆ, ಎಲ್ರ ಮುಂದೆನೇ ವಾಪಸ್ ತಗೋತೀನಿ."

"ಹೇಳಪ್ಪ," ಎಂದಳು ಅತ್ತೆ.

ಉಳಿ ಬಾಯಿ ತೆರೆದ. ಯಾವುದಾದರೂ ಊರಿನ, ಯಾವುದಾದರೂ ಹೆಸರು ಹೇಳಬಹುದಿತ್ತು. ನಾಳೆ ಬೆಳಗ್ಗೆ ಇದೇ ದರ್ಜಿ ಅಂಗಿ ಇಸ್ತ್ರಿ ಮಾಡಿಕೊಂಡು ಆ ಊರಿನ ಬಸ್ಸು ಹತ್ತುತ್ತಿದ್ದ. ಸಗಟು ವ್ಯಾಪಾರಿಯ ನಿಜವಾದ ಹೆಸರು ಹೇಳಿದರೆ, 'ನಾವು ಆ ಬೀದಿಗೆ ಸಾಮಾನು ಕೊಟ್ಟು ಒಂದೂವರೆ ವರ್ಷವಾಯ್ತು' ಎಂದು ಅವನು ಒಂದೇ ಉಸಿರಿಗೆ ಹೇಳುತ್ತಿದ್ದ. ಇನ್ನು ನಿಜ ಹೇಳಿದರೆ, ಬಾಗಿಲ ಚೌಕಟ್ಟಿಗೆ ಒರಗಿದ್ದ ಆ ಹೆಂಗಸು ಎಲ್ಲಿ ಒರಗಬೇಕು?

ಎಲ್ಲರೂ ಕಾಯುತ್ತಿದ್ದರು. ಅವರ ಬೆನ್ನ ಹಿಂದೆ, ಉಜ್ಜಿ ಉಜ್ಜಿ ಹೊಳಪಾಗಿಸಿದ ನೂರಾರು ಚಿಲಕ, ಕೀಲು, ಕೊಂಡಿಗಳು ದೀಪದ ಬೆಳಕಿನಲ್ಲಿ ಮಿರಮಿರ ಎನ್ನುತ್ತಿದ್ದವು.

ಅವನು ಎರಡನೆಯ ಸ್ಟೂಲನ್ನೂ ಎತ್ತಿಕೊಂಡು ತಿರುಗಿ ನಡೆದ.

"ಉಳೀ!" ಎಂದು ಬೇಕರಿ ಅಕ್ಕ ಕೂಗಿದಳು.

"ನೋಡಿದ್ರಾ?" ದರ್ಜಿಯ ದನಿ ಒಡೆದಿತ್ತು. "ಇಷ್ಟು ಕೇಳ್ಕೊಂಡ್ರೂ... ನೋಡಿದ್ರಾ ನೀವೆಲ್ಲ? ಅಷ್ಟೂ ಹೇಳಲ್ಲ ಅಂತಾನೆ!"

ಉಳಿಯ ಹೆಜ್ಜೆ ಒಂದು ಸಲ ತಡವರಿಸಿತು, ನಿಲ್ಲಲಿಲ್ಲ. ಸ್ಟೂಲಿನ ಕಾಲುಗಳು ಅವನ ಪಕ್ಕೆಗೆ ಬಡಿಯುತ್ತಿದ್ದವು. ಬೋರ್ಡು ದಾಟಿದ, ಬೀದಿ ದಾಟಿದ. ಮೂಲೆಯಲ್ಲಿ ದೊಡ್ಡಂಗಡಿಯ ಗೋಡೆಯುದ್ದಕ್ಕೂ ಕಾಲುದಾರಿಯಲ್ಲಿ ತಲೆ ತಗ್ಗಿಸಿ ಹೊರಟವನು ಅದರ ಬಾಗಿಲಿನ ಹತ್ತಿರಕ್ಕೆ ಬರುತ್ತಲೇ, ಗಾಜಿನ ಎರಡು ಕದಗಳು ತಾವಾಗಿಯೇ ಸದ್ದಿಲ್ಲದೆ ಎರಡು ಕಡೆಗೆ ಸರಿದವು. ಒಳಗಿನ ಬಿಳಿ ಬೆಳಕು ಅವನ ಕಾಲಿನವರೆಗೂ ಬಂದು ಬಿತ್ತು. ಅವನು ಅದನ್ನು ತುಳಿದುಕೊಂಡು ಮುಂದೆ ಹೋದ. ಕದಗಳು ಅವನಿಗಾಗಿ ಇನ್ನೂ ಸ್ವ‌ಲ್ಪ ಹೊತ್ತು ತೆರೆದೇ ಇದ್ದವು.